ಭೈರವನ ಮೊಣಕಾಲಿನೊಳಗಿನ ಕಬ್ಬಿಣ

ಮ್ಯೂಸಿಯಮ್ಮಿನ ಹಿಂಬದಿಯ ಕೋಣೆ,
ಮಾರ್ಚ್ ಆರು, ಶುಕ್ರವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಪಟ್ಟಿ ಬಿಗಿದುಕೊಂಡೇ ಪಾಠ ಹೇಳಲು ಹೋಗುತ್ತೀಯಂತೆ, ಅತ್ತಿಗೆ ಫೋನಿನಲ್ಲಿ ಹೇಳಿದರು. ಬಗ್ಗಿ ಭಾರ ಎತ್ತಬೇಡ. ಅಪ್ಪ ಚೆನ್ನಾಗಿದ್ದಾರೆ, ಅಂದರೆ ಊಟ ಮಾಡುತ್ತಾರೆ, ಕಿಟಕಿ ಪಕ್ಕ ಕೂರುತ್ತಾರೆ. ಕೈ ಮಾತ್ರ ಸುಮ್ಮನಿರುವುದಿಲ್ಲ, ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ ನುಣುಪು ಮಾಡಿಟ್ಟಿದ್ದಾರೆ.

ನಮ್ಮ ಕುಣಿಯುವ ಭೈರವನನ್ನು ಉಗ್ರಾಣದಿಂದ ಹೊರಗೆ ತಂದರು. ಒಂಬತ್ತು ವರ್ಷದ ಧೂಳು ಒರೆಸಿದರೆ ಅದೇ ಕೋರೆಹಲ್ಲು, ಅದೇ ಗುಡ್ಡೆಗಣ್ಣು, ತೊಡೆಯವರೆಗೆ ತೂಗುವ ರುಂಡಮಾಲೆ. ಚಿಕ್ಕವರಿದ್ದಾಗ ಸಿಡುಕುಮಾವ ಅನ್ನುತ್ತಿದ್ದೆವು, ನೆನಪಿದೆಯಾ? ಎಂಟುನೂರು ವರ್ಷದ ಹಿಂದೆ ಯಾವ ಪುಣ್ಯಾತ್ಮನೋ ಒಂದೇ ಕಲ್ಲಿನಲ್ಲಿ ಅಷ್ಟು ಕೋಪವನ್ನೂ ಅಷ್ಟು ಕುಣಿತವನ್ನೂ ಕಡೆದಿಟ್ಟಿದ್ದಾನೆ. ನಾವಿಬ್ಬರೂ ಅಪ್ಪನ ಕೈಕೆಳಗೆ ಇಲ್ಲಿ ಕೆಲಸ ಕಲಿಯುತ್ತಿದ್ದಾಗ ಕೂಡಿಸಿದ್ದ ಆ ಎತ್ತಿದ ಕಾಲು, ಆಮೇಲೆ ಮೊಣಕಾಲಿನಲ್ಲೇ ಸೀಳಿತಲ್ಲ, ಅದನ್ನು ಮತ್ತೆ ಕೂಡಿಸುವ ಕೆಲಸ ಈಗ ನನಗೇ ಬಂತು.

ಮುರಿದ ತುಂಡುಗಳನ್ನು ಹಿಡಿದಿಡಲು ಕಲ್ಲಿನೊಳಗೆ ಕಬ್ಬಿಣ ಇಡಬಾರದು, ತುಕ್ಕು ಹಿಡಿದು ಊದಿಕೊಂಡು ಕಲ್ಲನ್ನೇ ಸೀಳುತ್ತದೆ, ಹಿತ್ತಾಳೆಯ ಸರಳೇ ಬೇಕು. ಅಪ್ಪ ನಮಗೆ ಕಲಿಸಿದ ಮೊದಲ ಪಾಠ ಇದು. ಆ ಅಪ್ಪನೇ "ಕಬ್ಬಿಣ ಹಾಕಿದವನು ನಾನೇ" ಎಂದು ಬರೆದುಕೊಟ್ಟು, ಮೂವತ್ತು ವರ್ಷದ ಕೆಲಸ ಕಳೆದುಕೊಂಡು ಮನೆಗೆ ಬಂದರು. ನಾನು ಸುಮ್ಮನಿದ್ದೆನಾ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಊಟದ ತಟ್ಟೆಯ ಮುಂದೆಯೇ ಚುಚ್ಚಿದೆ. ಒಂದು ಸಲ ಅಲ್ಲ, ಒಂಬತ್ತು ವರ್ಷ. ಅವರು ತಟ್ಟೆ ಎತ್ತಿಟ್ಟು ಕಿಟಕಿ ಪಕ್ಕ ಹೋಗಿ ಕೂರುತ್ತಿದ್ದರು.

ಮಂಗಳವಾರ ಮೊಣಕಾಲಿನೊಳಗಿನ ಆ ಹಳೇ ಸರಳನ್ನು ಹೊರಗೆ ತೆಗೆದೆ. ಅಂಟಿನ ಆಳದಲ್ಲಿ ಹುದುಗಿದ್ದ ತುದಿಗೆ ತುಕ್ಕು ಮುಟ್ಟಿರಲಿಲ್ಲ. ಅಂಟು ಹಿಡಿಯಲಿ ಎಂದು ಅರದಿಂದ ಗೀರುತ್ತೇವಲ್ಲ, ಆ ಗೀರುಗಳೆಲ್ಲ ಎಡಕ್ಕೆ ವಾಲಿದ್ದವು. ಅಪ್ಪನದೂ ನನ್ನದೂ ಬಲಕ್ಕೆ ವಾಲುತ್ತವೆ. ಈ ಕೋಣೆಯಲ್ಲಿ ಎಡಗೈಯಲ್ಲಿ ಅರ ಹಿಡಿದವನು ನೀನೊಬ್ಬನೇ. ಹಿತ್ತಾಳೆ ಮುಗಿದಿತ್ತೋ, ಸಂಜೆ ಎಲ್ಲಿಗೋ ಹೋಗುವ ಆತುರವಿತ್ತೋ, ನನಗೆ ಗೊತ್ತಿಲ್ಲ. ಅವಸರದಲ್ಲಿ ಯಾರಿಗಾದರೂ ತಪ್ಪಾಗುತ್ತದೆ. ಆದರೆ ಅಪ್ಪ ಆ ಕಾಗದಕ್ಕೆ ಸಹಿ ಹಾಕುವಾಗ ನೀನು ಪಕ್ಕದಲ್ಲೇ ನಿಂತಿದ್ದೆ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಈಗ ಊರೂರು ಸುತ್ತಿ, ಕಲ್ಲಿಗೆ ಕಬ್ಬಿಣ ಹಾಕಬೇಡಿ ಎಂದು ನೀನೇ ಪಾಠ ಹೇಳುತ್ತೀಯ.

ಕಾಲು ಕೂಡಿಸಿದ್ದೇನೆ, ಹಿತ್ತಾಳೆಯಲ್ಲೇ. ಸಿಡುಕುಮಾವ ಮತ್ತೆ ಕುಣಿಯುತ್ತಿದ್ದಾನೆ. ಅತ್ತಿಗೆಗೆ ನಮಸ್ಕಾರ, ನಿನ್ನ ಮಗಳಿಗೆ ಈ ಅತ್ತೆಯ ಮುತ್ತು. ಔಷಧಿ ಬಿಡಬೇಡ.

ನೀನೇ ಹೆಸರಿಟ್ಟ
ಮೆಣಸಿನಕಾಯಿ

ಮರೆತಿದ್ದೆ: ಸರಳನ್ನು ಅಪ್ಪನಿಗೆ ತೋರಿಸಿದೆ. ಗೀರುಗಳ ಮೇಲೆ ಬೆರಳಾಡಿಸಿ, "ಅವನಿಗೆ ಬರೀಬೇಡಮ್ಮ, ಅವನಿನ್ನೂ ಕೆಲಸ ಮಾಡಬೇಕು" ಅಂದರು. ಬರೆದಿದ್ದೇನೆ. ಹಳೇ ಜೋಡಣೆ ಯಾರು ಮಾಡಿದ್ದು ಎಂದು ಹೊಸ ಕಡತದಲ್ಲಿ ತುಂಬಬೇಕು. ಆ ಸಾಲನ್ನು ಇಪ್ಪತ್ತನೇ ತಾರೀಖಿನವರೆಗೆ ಖಾಲಿ ಇಟ್ಟಿರುತ್ತೇನೆ. ಅಷ್ಟರಲ್ಲಿ ನಿನ್ನ ಕಾಗದ ಬರದಿದ್ದರೆ ಮತ್ತೆ ಅಪ್ಪನ ಹೆಸರೇ ಬೀಳುತ್ತದೆ. ಸರಳು ಈ ಪೊಟ್ಟಣದಲ್ಲೇ ಇದೆ. ಫೋಟೊ ತೆಗೆದಿಟ್ಟುಕೊಂಡಿಲ್ಲ, ನನ್ನ ಹತ್ತಿರ ಬೇರೆ ಸಾಕ್ಷಿಯಿಲ್ಲ.