ಹೆಲ್ಮೆಟ್ ಹಾಕಿ ಮೆಟ್ಟಿಲು ಹತ್ತಿದ ಅಣ್ಣನಿಗೆ

ಅಣ್ಣಾ,

ಕೂತು ಓಡಿಸುವವನಿಗೆ ಒಂದು ಕುತ್ತಿಗೆ ಸಾಲದು. ಗಾದೆ ಕೆಡಿಸಿದ್ದು ನಿನ್ನ ತಂಗಿಯೇ, ಆದರೆ ಕಥೆ ಅಪ್ಪಟ ನಿಜ.

"ಗೋ-ಕಾರ್ಟ್ ರೇಸಿಗೆ ಎಂಥಾ ವ್ಯಾಯಾಮ? ಕೂತ್ಕೊಂಡು ಸ್ಟೀರಿಂಗ್ ತಿರುಗಿಸಿದ್ರಾಯ್ತು" ಎಂದ ಶೂರ ನೀನು, ಹೋದ ತಿಂಗಳು ಎಂಟನೇ ಸುತ್ತಿಗೇ ಬಾಡಿದ ಸೂರ್ಯಕಾಂತಿಯ ಹಾಗೆ ತಲೆ ವಾಲಿಸಿಕೊಂಡು ಇಳಿದೆ. ಮನೆಗೆ ಬಂದ ಮೇಲೆ ನಿನಗೆ ನೀರಿನ ಲೋಟ ಎತ್ತಿ ಕುಡಿಸಲು ಅಮ್ಮ ಬೇಕಾಯಿತು!

ಇವತ್ತು ಇಪ್ಪತ್ತು ಸುತ್ತು ಮುಗಿಸದಿದ್ದರೆ ತಂಡದಲ್ಲಿ ಜಾಗವಿಲ್ಲ, ನೆನಪಿರಲಿ. ಗ್ಲೌಸ್ ಒಣಗಿದೆ, ತಂತಿಯ ಮೇಲಿದೆ. ಬಾಳೆಹಣ್ಣು ಎರಡು ತಿನ್ನು, ಚಿಪ್ಪು ಪೂರ್ತಿ ಅಲ್ಲ.

ಮೂರು ವಾರ ಫೋನಿನಲ್ಲಿ ದನಿ ದಪ್ಪ ಮಾಡಿಕೊಂಡು, ಕೆಮ್ಮಿ ಕೆಮ್ಮಿ, "ಹೆಲ್ಮೆಟ್ ತೆಗೀಬೇಡಪ್ಪಾ, ಕುತ್ತಿಗೆ ಗಟ್ಟಿಯಾಗ್ಲಿ, ಹೂಂ, ಇನ್ನೊಂದ್ಸಲ ಮೆಟ್ಟಿಲು ಹತ್ತು" ಎಂದ ಕೋಚ್ ನಾನೇ ಎಂದು ನಿನ್ನೆ ಒಪ್ಪಿಕೊಂಡೆನಲ್ಲ, ಆಗ ನೀನು ಮೆಟ್ಟಿಲು ಮುಗಿಸಿ ಹೆಲ್ಮೆಟ್ಟಿನಲ್ಲೇ ಬಂದು ನಿಂತಿದ್ದೆ. ಚಪ್ಪಲಿ ಹಾರಿಬರುತ್ತದೆ ಎಂದು ನಾನು ಬಾಗಿಲ ಹಿಂದೆ ಸರಿದಿದ್ದೆ. ಅಪ್ಪ ನಕ್ಕರು, ಅಮ್ಮ ನಕ್ಕರು. ಅವರಿಬ್ಬರನ್ನೂ ಮೀರಿಸಿ ನೀನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕರೂ ತಲೆ ಮಾತ್ರ ಒಂದಿಷ್ಟೂ ವಾಲಲಿಲ್ಲ.