ಇಬ್ಬರು ಗಂಗಾಂಬಿಕೆಯರಿಗೆ ಒಂದೇ ಸಾಲು

ನಾರಾಯಣಪೇಟೆ
14-7-2015

ಪರಮೇಶಣ್ಣನಿಗೆ ತಂಗಿ ಗಂಗಾಂಬಿಕಾಳ ನಮಸ್ಕಾರ.

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದುಹಾಕಿದೆ. ಫೋನು ಮಾಡಿದರೆ ನೀನು ಅರ್ಧಕ್ಕೇ ಇಡುತ್ತೀಯ. ಅವ್ವ ಚೆನ್ನಾಗಿದ್ದಾಳೆ, ಮೊಣಕಾಲು ನೋವು ಮಾತ್ರ ಹಾಗೇ ಇದೆ.

ಹೊಸ ರಾಜ್ಯ ಬಂದ ಮೇಲೆ ನೇಕಾರರಿಗೆಲ್ಲ ಹೊಸ ಗುರುತಿನ ಚೀಟಿ ಎಂದು ನಮ್ಮ ಸಂಘದವರು ಕರೆದಿದ್ದರು. ಬುಚ್ಚಮ್ಮನಿಗೆ ಸಿಕ್ಕಿತು, ಎಂಕಮ್ಮನಿಗೆ ಸಿಕ್ಕಿತು. ನನ್ನ ಸರದಿ ಬಂದಾಗ ಕಾರ್ಯದರ್ಶಿ ಶರಣಯ್ಯನವರು ಕಂಪ್ಯೂಟರ್ ಪರದೆ ನೋಡಿದರು, ನನ್ನ ಮುಖ ನೋಡಿದರು. "ತಂಗಿ, ನೀ ತೀರಿಕೊಂಡೀ ಅಂತ ಐತಲ್ಲ ಇದ್ರಾಗ" ಅಂದರು. ಎಲ್ಲರೂ ನಕ್ಕರು. ಮರ್ಯಾದೆಗೆ ನಾನೂ ನಕ್ಕೆ. ಆ ಪಟ್ಟಿಯನ್ನು ಗದ್ವಾಲದಲ್ಲಿ ಕೂತು ಕಂಪ್ಯೂಟರಿಗೆ ಹಾಕಿದವನು ನನ್ನ ಒಡಹುಟ್ಟಿದವನು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಈ ತಿಂಗಳ ಕೊನೆಯೊಳಗೆ ಚೀಟಿ ಸಿಗದಿದ್ದರೆ ನನ್ನ ಮಗ್ಗಕ್ಕೆ ಸಂಘದ ನೂಲು ಬಂದ್.

"ಕಂಪ್ಯೂಟರಿನ ತಪ್ಪು" ಎಂದು ಬರೆದಿದ್ದೀಯಲ್ಲ, ಅದಕ್ಕೇ ನನ್ನ ಪಿತ್ತ ನೆತ್ತಿಗೇರಿದ್ದು. ಮೂರು ತಿಂಗಳಿಂದ ನಾನು ಬಸ್ಸು ಹತ್ತಿ ಮಕ್ತಲ್‌ಗೆ ಹೋಗಿ ತಾಯಣ್ಣ ಮೇಷ್ಟ್ರ ಹತ್ತಿರ ಡೇಟಾಬೇಸ್ ಕಲಿಯುತ್ತಿದ್ದೇನೆ. ನಗುತ್ತೀಯ ಎಂದು ನಿನಗೆ ಹೇಳಿರಲಿಲ್ಲ. ಈಗ ಕೇಳು.

ಮಾಹಿತಿ ಟೇಬಲ್‌ಗಳಲ್ಲಿರುತ್ತದೆ, ಒಬ್ಬರಿಗೆ ಒಂದು ಸಾಲು. ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡಲು ಒಂದು ಕೀ ಬೇಕು. ಅದು ಇನ್ಯಾರಿಗೂ ಇರಬಾರದು. ನೀನು ಹೆಸರು, ಅಪ್ಪನ ಹೆಸರು, ಊರು, ಈ ಮೂರನ್ನು ಸೇರಿಸಿ ಕೀ ಮಾಡಿದೆ. ಅಕ್ಕ ನಾಲ್ಕು ವರ್ಷಕ್ಕೆ ಸತ್ತಳು, ಮರುವರ್ಷ ಹುಟ್ಟಿದ ನನಗೆ ಮನೆಯ ಪದ್ಧತಿಯಂತೆ ಅವಳ ಹೆಸರನ್ನೇ ಇಟ್ಟರು. ಅಂಥ ಮನೆಯಲ್ಲಿ ಹುಟ್ಟಿದ ನೀನು ಹೆಸರನ್ನು ನಂಬಿದೆಯಲ್ಲ! ಸಂಘದ ಹಳೆಯ ದಫ್ತರದಲ್ಲಿ ಸದಸ್ಯರ ಮನೆಮಂದಿಯೆಲ್ಲ ಇದ್ದಾರೆ, ಅಕ್ಕ, ನಾನು ಇಬ್ಬರೂ ಇದ್ದೇವೆ. ಮೊದಲು ಅಕ್ಕನನ್ನು ಹಾಕಿದೆ, "ಮೃತ" ಎಂಬುದನ್ನೂ ಹಾಕಿದೆ. ನನ್ನನ್ನು ಹಾಕಲು ಹೋದಾಗ ಮೊದಲೇ ಇದ್ದಾಳೆ ಎಂದು ಅದು ತಡೆಯಿತು. ತಡೆಯುವುದೇ ಅದರ ಕೆಲಸ. ನೀನು ನನ್ನನ್ನು ಬಿಟ್ಟು ಮುಂದಿನ ಮನೆಗೆ ಹೋದೆ.

ಮಗ್ಗಗಳದ್ದು ಬೇರೆ ಟೇಬಲ್. ಅಲ್ಲಿ ಮನುಷ್ಯರ ವಿವರ ಮತ್ತೆ ಬರೆಯುವುದಿಲ್ಲ, ಸದಸ್ಯರ ಕೀ ಇಟ್ಟು ಜೋಡಿಸುತ್ತಾರೆ. ಹಾಗಾಗಿ ಹದಿನೆಂಟು ವರ್ಷ ನಾನು ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯ್ದ ಕುಣಿಮಗ್ಗ ಅಕ್ಕನ ಸಾಲಿಗೆ ಅಂಟಿಕೊಂಡಿದೆ. ನಾಲ್ಕು ವರ್ಷದ ಕೂಸು ಸೀರೆ ನೇಯುತ್ತಿದೆ. ಅವಳನ್ನು ಅಳಿಸು ಎಂದು ಹೇಳುತ್ತಿಲ್ಲ. ಮಗ್ಗ ಅಂಟಿಕೊಂಡಿರುವವರೆಗೆ ಅಳಿಸಲು ಅದು ಬಿಡುವುದೂ ಇಲ್ಲ. ಎಲ್ಲರಿಗೂ ಒಂದೊಂದು ನಂಬರು ಕೊಡು, ಅದೇ ಕೀ ಆಗಲಿ. ನನಗೊಂದು ಸಾಲು ಮಾಡಿ ಮಗ್ಗವನ್ನು ಅದಕ್ಕೆ ಜೋಡಿಸು. ಎರಡನ್ನೂ ಒಂದೇ ಗಂಟಿನಲ್ಲಿ ಮಾಡು, ಮೇಷ್ಟ್ರು ಅದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ನಡುವೆ ಕರೆಂಟು ಹೋದರೆ ಎಲ್ಲ ಮೊದಲಿನಂತೆ ಉಳಿಯುತ್ತದೆ, ಅರ್ಧಂಬರ್ಧ ಆಗುವುದಿಲ್ಲ. ಅರ್ಧಂಬರ್ಧ ಕೆಲಸ ನಿನ್ನದೊಂದೇ ಸಾಕು.

ಶೈಲಜಾ ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ. ತಮ್ಮ ತಮ್ಮ ಹೆಸರಿನಲ್ಲಿ ನೂರು ವರ್ಷ ಬಾಳಲಿ.

ಇನ್ನೂ ಬದುಕಿರುವ ನಿನ್ನ ತಂಗಿ,
ಗಂಗಾಂಬಿಕಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ನಾನು ನಿನ್ನನ್ನು ಬೈದದ್ದಕ್ಕೆ ಅವಳು ಬಾಯಿಬಿಟ್ಟಳು. ನೀನು ಸುಮ್ಮನೆ ಬಿಟ್ಟು ಹೋಗಿರಲಿಲ್ಲವಂತೆ. ಕಂಪ್ಯೂಟರು ಒಂದೇ ಸಾಲು ತಗೊಳ್ಳುತ್ತದೆ, ಇಬ್ಬರಲ್ಲಿ ಯಾರನ್ನು ಇಡಲಿ ಎಂದು ಅವ್ವನಿಗೆ ಫೋನು ಮಾಡಿ ಕೇಳಿದ್ದೆಯಂತೆ. "ಮೊದಲ್ನಾಕಿನ್ನ ತೆಗೀಬ್ಯಾಡಪಾ, ಆಕಿ ಹೆಸ್ರು ಅದೊಂದ ಕಡಿ ಉಳದೈತಿ. ಈಕಿ ಹೆಂಗಿದ್ರೂ ಮನ್ಯಾಗ ಅದಾಳಲ್ಲ" ಅಂದಳಂತೆ ಅವ್ವ. ಆ ದಿನ ನನಗೆ ನೆನಪಿದೆ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಅಲ್ಲೇ ನೇಯುತ್ತಿದ್ದೆ. ಯಾರ ಫೋನು ಎಂದು ಕೇಳಿದ್ದಕ್ಕೆ, "ನಿಮ್ಮಣ್ಣ, ನಿನ್ನ ವಿಚಾರ ಕೇಳಾಕತ್ಯಾನ" ಅಂದಳು. ಅಣ್ಣ ನನ್ನನ್ನು ನೆನೆಸಿಕೊಂಡನಲ್ಲ ಎಂದು ಅವತ್ತೆಲ್ಲ ಖುಷಿಯಾಗಿದ್ದೆ.