ಏಳು ಚೀಲಗಳ ಹೊಲಿಗೆ

ಏಲೂರ್, ಕೊಚ್ಚಿ
೯ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಗೌರಿಯ ನಮಸ್ಕಾರ. ಮೊಣಕಾಲಿನ ನೋವು ಹೇಗುಂಟು? ಕಿವಿಯ ಮೆಷಿನ್ ಹಾಕಿಕೊಳ್ಳುತ್ತೀಯೋ, ಕಪಾಟಿನಲ್ಲೇ ಇಟ್ಟಿದ್ದೀಯೋ? ಅದನ್ನು ಹಾಕಿದರೆ ಹೊಲಿಗೆ ಮೆಷಿನಿನ ಸದ್ದು ರೈಲು ಹೋದ ಹಾಗೆ ಕೇಳುತ್ತದೆ ಎಂದು ತೆಗೆದಿಟ್ಟೆಯಂತೆ. ಶ್ರೀಪತಿಗೆ ಫೋನು ಮಾಡಿದರೆ ಪಾಪ, ಅವನು ಅಮ್ಮನ ಕಿವಿಗೆ ಕೂಗಬೇಕು, ಬೀದಿಗೆಲ್ಲ ಕೇಳುತ್ತದೆ. ಈ ಸುದ್ದಿ ಕೂಗಿ ಹೇಳುವಂಥದ್ದಲ್ಲ. ಅದಕ್ಕೇ ಪತ್ರ. ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ನಾನು ಚೆನ್ನಾಗಿದ್ದೇನೆ. ಇಷ್ಟು ದಿನ ಬರೆದ ಪತ್ರಗಳಲ್ಲಿ ಈ ಮಾತು ಸುಮ್ಮನೆ ಬರೆದದ್ದು, ಇವತ್ತು ನಿಜವಾಗಿ ಬರೆಯುತ್ತಿದ್ದೇನೆ. ಇವರು ತೀರಿಕೊಂಡು ಈ ಶನಿವಾರಕ್ಕೆ ಆರು ತಿಂಗಳು. ನಿನ್ನೆಯೇ ಮೊದಲ ಸಲ ಮಧ್ಯಾಹ್ನದ ಬುತ್ತಿ ಪೂರ್ತಿ ಖಾಲಿ ಮಾಡಿದೆ. ನಮ್ಮ ಡೈರಿಯ ಚಿಮಣಿಗೆ ಒಪ್ಪಿಗೆ ಸಿಕ್ಕಿತು ಚಿಕ್ಕಮ್ಮಾ. ಹೊರಗೆ ಬಿಡುವ ಗಾಳಿ ಸರಿಯಾಗಿ ಉಂಟು ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರೆದುಕೊಡಬೇಕು, ಆ ಕಾಗದ ನಿನ್ನೆ ತಿರುವನಂತಪುರದಿಂದ ಬಂತು. ಬರದಿದ್ದರೆ ಹಾಲಿನ ಪುಡಿಯ ವಿಭಾಗ ಮುಚ್ಚಿ ನಲವತ್ತು ಜನ ಮನೆಗೆ ಹೋಗಬೇಕಿತ್ತು. ಹಾಗಾಗುವುದಿದ್ದರೆ ಅದು ನನ್ನ ಕೈಯಿಂದಲೇ ಆಗುವುದಿತ್ತು. ಇದನ್ನು ನಿನಗೆ ಇಷ್ಟು ದಿನ ತಿಳಿಸಲಿಲ್ಲ.

ನನ್ನ ಕೆಲಸ ಎಂತದು ಎಂದು ನೀನು ಯಾವಾಗಲೂ ಕೇಳುತ್ತಿದ್ದೆ. ಇಲ್ಲಿ ಹಾಲನ್ನು ಬಿಸಿಗಾಳಿಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಆ ಗಾಳಿ ಚಿಮಣಿಗೆ ಹೋಗುವ ಮೊದಲು ಬಟ್ಟೆಯ ಚೀಲಗಳ ಮೂಲಕ ಸೋಸಿ ಹೋಗಬೇಕು, ಪುಡಿ ಒಳಗೇ ಉಳಿಯಬೇಕು. ಪ್ಯಾಂಟಿನ ಒಂದು ಕಾಲಿನಷ್ಟು ಅಗಲ, ಎರಡಾಳು ಉದ್ದದ ತೊಂಬತ್ತಾರು ಚೀಲಗಳು. ಅವನ್ನು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ ಕೊಡುವುದು ನಾನು. ಹರಿದದ್ದು ಸಿಕ್ಕಿದರೆ ರಿಜಿಸ್ಟರಿನಲ್ಲಿ ಬರೆದು ಬಿಸಾಡಬೇಕು. ನಿಯಮ ಅಷ್ಟೇ.

ಇವರ ಹದಿಮೂರನೆಯ ದಿನ ಮುಗಿಸಿ ಊರಿನಿಂದ ಬಂದ ಮೇಲೆ ಕೈಗೆ ಕೆಲಸ ಬೇಕಿತ್ತು. ಮನೆಯಲ್ಲಿ ಕುಳಿತರೆ ಇವರು ಓಡಿಸುತ್ತಿದ್ದ ಹಾಲಿನ ಟ್ಯಾಂಕರು ಗೇಟಿಗೆ ಬಂದು ಹಾರ್ನ್ ಹಾಕಿದಾಗೆಲ್ಲ ಎದ್ದು ನಿಲ್ಲುತ್ತಿದ್ದೆ, ಬೇರೆ ಡ್ರೈವರ್ ಎಂದು ಗೊತ್ತಿದ್ದೂ. ಆ ದಿನಗಳಲ್ಲಿ ಚೀಲ ಹರಿದದ್ದು ಕಂಡರೆ ಬಿಸಾಡಲು ಕೈ ಬರಲಿಲ್ಲ. ಹೊಲಿಗೆಯಂಗಡಿಗೆ ಬಂದ ಯಾವ ಬಟ್ಟೆಯನ್ನೂ ನೀನು ಆಗುವುದಿಲ್ಲ ಎಂದು ಹಿಂದೆ ಕಳಿಸಿದವಳಲ್ಲ, ನನಗೆ ಕಲಿಸಿದ್ದೂ ಅದನ್ನೇ. ಒಳಗಿನಿಂದ ತೇಪೆ ಇಟ್ಟು, ಅಂಚು ಮಡಚಿ, ಎರಡೆರಡು ಸಾಲು ಒತ್ತಾಗಿ ಹೊಲಿದೆ. ಎಳೆದರೆ ಬಟ್ಟೆ ಹರಿಯಬೇಕು, ಹೊಲಿಗೆ ಬಿಡಬಾರದು, ಹಾಗೆ. ಒಂದಲ್ಲ, ಏಳು ಚೀಲ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಮುಚ್ಚಿಡಬೇಕು ಎಂದಲ್ಲ ಚಿಕ್ಕಮ್ಮಾ, ಹೊಲಿದಾದ ಮೇಲೆ ಅದನ್ನು ಹರಿದದ್ದು ಎಂದು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ಜನವರಿಯಲ್ಲಿ ಆಚೆ ಮನೆಗಳ ಮೇಲೆ ಬಿಳಿ ಪುಡಿ ಬೀಳಲು ಶುರುವಾಯಿತು. ಈ ಕಡೆ ಎಲ್ಲಿ ನೋಡಿದರೂ ಕಾರ್ಖಾನೆ, ಆಕಾಶದಿಂದ ಏನು ಬಿದ್ದರೂ ಜನರಿಗೆ ಹೆದರಿಕೆ. ತಾಯಂದಿರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಕೊನೆಗೆ ಕಂಪೌಂಡಿನ ಆಚೆ ಚಹಾದಂಗಡಿ ಇಟ್ಟಿರುವ ಹಂಸಾಕ್ಕ ತನ್ನ ಸ್ಕೂಟರಿನ ಸೀಟಿನಿಂದ ಬೆರಳಲ್ಲಿ ಒರೆಸಿ ನೆಕ್ಕಿಯೇ ಬಿಟ್ಟರು. (ಇಲ್ಲಿ ಮುಸ್ಲಿಂ ಮಾಪ್ಳೆ ಗಂಡಸರ ಹೆಸರಿಗೆ ಅಣ್ಣ ಎನ್ನಲು ಇಕ್ಕ ಸೇರಿಸಿ ಕರೆಯುತ್ತಾರೆ, ಅಕ್ಕ ಎಂದು ತಿಳಿಯಬೇಡ, ಗಡ್ಡ ಉಂಟು.) ಬೆಳಗಿನ ಮಂಜಿಗೆ ಪುಡಿ ಅಂಟಾಗಿ, ಅವರ ಸ್ಕೂಟರಿನ ತುಂಬ ಇರುವೆ. ಗೇಟಿನ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, “ಇನ್ನು ನಾನು ನೀರು ಕಾಯಿಸಿ ಹೊರಗಿಟ್ಟರೆ ಸಾಕು, ಹಾಲು ನಿಮ್ಮ ಕಂಪೆನಿಯೇ ಹಾಕಿ ಕೊಡುತ್ತದೆ!” ಎಲ್ಲರೂ ನಕ್ಕರು. ಆದರೆ ಆ ಬೀದಿಯಲ್ಲಿ ಒಬ್ಬ ಅಜ್ಜಿಗೆ ಕೆಮ್ಮು ಹೆಚ್ಚಾಗಿತ್ತು, ಹಂಸಾಕ್ಕ ತಮಾಷೆ ಮಾಡಿಯೇ ದೂರನ್ನೂ ಬರೆದು ಕೊಟ್ಟಿದ್ದರು.

ಮಂಡಳಿಯವರು ಬಂದು ಚಿಮಣಿಯ ಗಾಳಿ ಅಳೆದರು. ಮಿತಿಗಿಂತ ಹೆಚ್ಚು ಪುಡಿ. ಅನುಮತಿ ಹೊಸದು ಮಾಡುವ ಹೊತ್ತಿಗೇ ಇದಾಯಿತು. ಅವರು ಅದನ್ನು ತಡೆಹಿಡಿದು, ಪುಡಿ ಮಾಡುವುದು ನಿಲ್ಲಿಸಿ ಎಂದರು. ಹಾಲು ಒಣಗಿಸುವ ಡ್ರೈಯರ್ ಓಡಿಸುವ ಹೃಷಿಕೇಶ್ ಬೇಗ ಮುಗಿಸಲು ಫ್ಯಾನ್ ಜೋರು ಮಾಡಿದ್ದಾನೆ ಎಂದು ಮ್ಯಾನೇಜರು ಅವನನ್ನು ಕೆಲಸದಿಂದ ಹೊರಗಿಟ್ಟರು. ಮದುವೆಯಾಗಿ ಎರಡು ತಿಂಗಳಾದ ಹುಡುಗ. ಅದೇ ದಿನ ಚೀಲಗಳನ್ನು ತೊಳೆಯಲು ಇಳಿಸಿದಾಗ ನನ್ನ ತೇಪೆಗಳ ಸುತ್ತ ಹೊರಗಡೆ ಪುಡಿ ಸಾಲಾಗಿ ನಿಂತಿತ್ತು, ರಂಗೋಲಿಯ ಚುಕ್ಕಿಯ ಹಾಗೆ. ಸೂಜಿ ಹೋದಲ್ಲೆಲ್ಲ ತೂತು. ಒತ್ತಾಗಿ ಹೊಲಿದಷ್ಟೂ ತೂತು ಹೆಚ್ಚು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ಕ್ವಾರ್ಟರ್ಸೂ ಹೋಗುತ್ತದೆ ಎಂದು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾಲ್ಕು ದಿನವೂ ದಿನಚರಿಯಲ್ಲಿ ಒಂದೇ ಸಾಲು ಬರೆದಿದ್ದೇನೆ: ಇಂದೂ ಹೇಳಲಿಲ್ಲ.

ಐದನೆಯ ದಿನ ನಿರ್ಮಲ ಮೇಡಂ ಹತ್ತಿರ ಹೋದೆ. ಚಿಮಣಿಯ ಲೆಕ್ಕವೆಲ್ಲ ನೋಡುವ ಇಂಜಿನಿಯರು, ಮೈಸೂರಿನವರು. “ಅಲ್ರೀ ಗೌರಿ, ಹರಿದಿದೆ ಅಂತ ಒಂದು ಸಾಲು ಬರೆಯೋಕೆ ಏನ್ರೀ ಕಷ್ಟ ಆಗಿತ್ತು?” ಎಂದರು. ಹೊಲಿದ ಮೇಲೆ ಅದು ಹರಿದದ್ದಲ್ಲವಲ್ಲ ಮೇಡಂ ಎಂದೆ. ಅವರು ಯಾವ್ಯಾವ ಚೀಲ, ಯಾವತ್ತು ಎಂದು ಕೇಳಿದಾಗ ದಿನಚರಿ ತೆಗೆದು ಕೊಟ್ಟೆ. ಆ ಆಫೀಸಿನಲ್ಲಿ ಕನ್ನಡ ಓದಲು ಬರುವುದು ಅವರೊಬ್ಬರಿಗೇ. ಚೀಲದ ನಂಬರುಗಳು ನಾನು ತೀರಿಹೋದ ಇವರನ್ನು ನೆನೆದು ಬರೆದ ಮಾತುಗಳ ನಡುವೆ ಅಲ್ಲಲ್ಲಿ ಇದ್ದವು, ಹುಡುಕಬೇಕಾದರೆ ಎಲ್ಲವನ್ನೂ ಓದಲೇಬೇಕು. ಏಳು ನಂಬರು ಬರೆದುಕೊಂಡು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. ಬಯ್ಯಲಿಲ್ಲ. ಕಿಟಕಿಯ ಕಡೆ ತಿರುಗಿ ಎರಡು ಚಹಾ ತರಲು ಹೇಳಿದರು. ಆ ಸಂಜೆಯೇ ಹೃಷಿಕೇಶನಿಗೆ ಫೋನು ಹೋಯಿತು. ಮರುದಿನ ಬಂದವನು ನನ್ನನ್ನು ಕಂಡು, ಇಲ್ಲಿಯವರು ಅಕ್ಕನನ್ನು ಕರೆಯುವ ಹಾಗೆ, “ಚೇಚಿ, ನಾಲ್ಕು ದಿನ ಮಾವನ ಎದುರು ಕೂತು ಟಿವಿ ನೋಡಿದ್ದೇನೆ. ಆ ಶಿಕ್ಷೆ ನಿಮಗೂ ಆಗಬೇಕು” ಎಂದು ನಕ್ಕ. ನನಗೆ ನಗು ಬರಲಿಲ್ಲ, ಅವನ ಕೈ ಹಿಡಿದುಕೊಂಡೆ.

ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ವಿಚಾರಣೆ. ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಬೆಳಗಿನ ರೈಲಿನಲ್ಲಿ ನನ್ನ ತೊಡೆಯ ಮೇಲೆ ಮಡಚಿದ ಚೀಲ. ವಕೀಲರು ಬೇಡ, ನೀವು ಮಾಡಿದ್ದನ್ನು ಮಾಡಿದ ಹಾಗೆ ಹೇಳಿದರೆ ಸಾಕು ಎಂದು ಮೇಡಂ ತಿಳಿಸಿದ್ದರು. ಅಲ್ಲಿನ ಅಧಿಕಾರಿ ನನ್ನ ಪ್ರಾಯದ ಹೆಂಗಸು, ಚೀಲದೊಳಗೆ ಕೈ ಹಾಕಿ ಟ್ಯೂಬ್‌ಲೈಟಿಗೆ ಹಿಡಿದರು. ತೇಪೆಯ ಸುತ್ತ ಬೆಳಕಿನ ಚುಕ್ಕಿಗಳು ಸಾಲಾಗಿ ಕಂಡವು. ಇದು ಯಾರ ಹೊಲಿಗೆ ಎಂದು ಮಲಯಾಳದಲ್ಲಿ ಕೇಳಿದರು. ನನ್ನದು ಎಂದೆ. “ಚೇಚಿ, ಇಂಥ ಹೊಲಿಗೆ ನನ್ನ ಬ್ಲೌಸಿಗೆ ಸಿಕ್ಕಿದ್ದರೆ ಎಷ್ಟು ಒಳ್ಳೆಯದಿತ್ತು, ಇದಕ್ಕೆ ಮಾತ್ರ ಬೇಡವಾಗಿತ್ತು” ಎಂದರು. ಆಮೇಲೆ ನಗದೆಯೇ ಷರತ್ತು ಹೇಳಿದರು: ತೊಂಬತ್ತಾರೂ ಹೊಸ ಚೀಲ ಹಾಕಬೇಕು, ಡ್ರೈಯರನ್ನು ಪೂರ್ತಿ ಓಡಿಸಿ ಮತ್ತೆ ಅಳೆಯಬೇಕು, ಅಲ್ಲಿಯವರೆಗೆ ಪುಡಿ ಇಲ್ಲ.

ಮಾರ್ಚಿ ಕೊನೆಗೆ ಪರೀಕ್ಷೆಗೆಂದೇ ಡ್ರೈಯರ್ ಹಚ್ಚಿದರು. ಇಬ್ಬರು ಕೊಳವೆ, ಡಬ್ಬಿ ಕಟ್ಟಿಕೊಂಡು ಚಿಮಣಿಯ ಏಣಿ ಹತ್ತಿದರು. ನಾವು ಕೆಳಗೆ ಕತ್ತು ಮೇಲೆ ಮಾಡಿ ನಿಂತಿದ್ದೆವು. ಹಂಸಾಕ್ಕ ಕಂಪೌಂಡಿನ ಆಚೆ ಸ್ಕೂಟರಿನ ಮೇಲೆ ಕರಿ ಬಟ್ಟೆ ಹಾಸಿಟ್ಟು, ತಮ್ಮದೇ ಪರೀಕ್ಷೆ ಮಾಡುತ್ತಿದ್ದರು. ಸಂಜೆ ಆ ಬಟ್ಟೆಯನ್ನು ನನಗೆ ಎತ್ತಿ ತೋರಿಸಿ, “ಇವತ್ತು ಹಾಲಿಗೆ ದುಡ್ಡು ಕೊಡಲೇಬೇಕು” ಎಂದು ಕೂಗಿದರು. ಮಂಡಳಿಯ ಲೆಕ್ಕದಲ್ಲೂ ಮಿತಿಯ ಅರ್ಧಕ್ಕಿಂತ ಕಡಿಮೆ ಬಂತು. ನಿನ್ನೆ ಕಾಗದವೂ ಬಂತು. ಹಂಸಾಕ್ಕ ಹೇಳಿದ ಅಜ್ಜಿಯನ್ನು ಹೋಗಿ ನೋಡಿ ಬಂದೆ, ಕೆಮ್ಮು ಕಡಿಮೆಯಾಗಿದೆ. ನಾನು ಯಾರೆಂದು ಹೇಳಿದೆ. ಬೆಲ್ಲದ ಕಾಪಿ ಕೊಟ್ಟರು.

ಬಿಸು ಹಬ್ಬಕ್ಕೆ ಬರುತ್ತೇನೆ. ಈ ವರ್ಷ ನಮಗೆ ಹಬ್ಬವಿಲ್ಲ, ಸುಮ್ಮನೆ ನಿನ್ನ ಹತ್ತಿರ ಕುಳಿತುಕೊಳ್ಳಲು. ನಿನ್ನ ಕಾಲಿಗೆ ಇಲ್ಲಿಯ ಆಯುರ್ವೇದದ ಎಣ್ಣೆ ತರುತ್ತೇನೆ. ಶ್ರೀಪತಿಗೆ ಆಶೀರ್ವಾದ, ಅವನ ಹೆಂಡತಿಗೆ ಕೇಳಿದೆನೆಂದು ಹೇಳು. ಮೆಷಿನ್ ಕಿವಿಗೆ ಹಾಕು.

ನಿನ್ನ
ಗೌರಿ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು. ನನ್ನ ಕೆಲಸದ ವಿಷಯ ಮರೆತದ್ದಲ್ಲ, ನೀನು ಬೇಸರ ಮಾಡುತ್ತೀ ಎಂದು ಹಿಂದೆ ಹಾಕಿದೆ. ನನ್ನನ್ನು ತೆಗೆಯಲಿಲ್ಲ. ಮೇಡಂ ಎಚ್ಚರಿಕೆಯ ಕಾಗದ ಒಂದನ್ನು ಕೊಟ್ಟು, ಕೆಲಸ ಮುಂದುವರಿಸಿ ಎಂದರು. ಕೆಲಸ ಹೋದರೆ ಹೋಗಲಿ, ಊರಿಗೇ ಬಂದು ನನ್ನೊಟ್ಟಿಗೆ ಇರು ಎಂದು ನೀನು ಪ್ರತಿ ಪತ್ರದಲ್ಲೂ ಬರೆಯುತ್ತೀ. ಬರುವುದಿಲ್ಲ ಚಿಕ್ಕಮ್ಮಾ, ನಾಲ್ಕು ದಿನ ಇದ್ದು ಹಿಂದಿರುಗುತ್ತೇನೆ. ಊರಿನಲ್ಲಿ ಇದ್ದರೆ ಇವರು ಯಾವಾಗಿನಂತೆ ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾರೆ ಎಂದೇ ಅನ್ನಿಸುತ್ತದೆ, ದಾರಿ ನೋಡುತ್ತಾ ಕುಳಿತುಬಿಡುತ್ತೇನೆ. ಇಲ್ಲಿ ಬಾಗಿಲು ತೆಗೆದರೆ ಇವರಿಲ್ಲ, ಅದು ನನಗೆ ದಿನಾ ಗೊತ್ತಾಗುತ್ತದೆ.